ಕಿಡಿಯ ಕಾವಲಿಗೆ ನಿಂತ ಒಂದೂವರೆ ಓಮ್

1950ರಿಂದ 1980ರವರೆಗಿನ ಅನೇಕ ಪೆಟ್ರೋಲ್ ಕಾರುಗಳ ಬಾನೆಟ್ ತೆರೆದರೆ, ಎಂಜಿನ್‌ನ ಹಿಂಬದಿಯ ತಗಡಿನ ಗೋಡೆಯ ಮೇಲೆ ಬೆರಳುದ್ದದ ಒಂದು ಪಿಂಗಾಣಿ ತುಂಡು ಕಾಣಸಿಗುತ್ತದೆ. ಅದರ ಎರಡು ತುದಿಗಳಿಗೆ ಒಂದೊಂದು ತಂತಿ ಜೋಡಿಸಿರುತ್ತದೆ. ಒಳಗೆ ಇರುವುದು ಸುರುಳಿ ಸುತ್ತಿದ ರೋಧ ತಂತಿ, ಅಷ್ಟೆ. ಅದರ ರೋಧ ಸಾಮಾನ್ಯವಾಗಿ ಒಂದೂವರೆ ಓಮ್‌ನ ಆಸುಪಾಸು. ಇದಕ್ಕೆ ಬ್ಯಾಲಾಸ್ಟ್ ರೋಧಕವೆಂದು ಹೆಸರು. ಹಡಗು ಹೊಯ್ದಾಡದಿರಲೆಂದು ಅದರ ತಳದಲ್ಲಿ ತುಂಬುವ ಭಾರಕ್ಕೆ ಬ್ಯಾಲಾಸ್ಟ್ ಎನ್ನುತ್ತಾರೆ. ವಿದ್ಯುತ್ ಮಂಡಲದಲ್ಲಿ ಪ್ರವಾಹವು ಹೊಯ್ದಾಡದಂತೆ ಹಿಡಿದಿಡುವ ರೋಧಕಕ್ಕೂ ಅದೇ ಹೆಸರು ಬಂದಿದೆ.

ಈ ರೋಧಕ ಮಾಡುವ ಕೆಲಸವನ್ನು ಮೇಲುನೋಟಕ್ಕೆ ನೋಡಿದರೆ ವಿಚಿತ್ರವೆನಿಸುತ್ತದೆ. ಬ್ಯಾಟರಿಯ ಶಕ್ತಿಯ ಒಂದು ಪಾಲನ್ನು ಅದು ಸುಮ್ಮನೆ ಶಾಖವಾಗಿ ಕಳೆಯುತ್ತದೆ. ಇಂಥ ದಂಡದ ವೆಚ್ಚವನ್ನು ಎಂಜಿನಿಯರುಗಳು ಬೇಕೆಂದೇ ಏಕೆ ಸೇರಿಸಿದರು? ಎಲೆಕ್ಟ್ರಾನಿಕ್ ಇಗ್ನಿಷನ್ ಬಂದ ಮೇಲೆ ಅದು ಏಕೆ ಮರೆಯಾಯಿತು? ಹಳೆಯ ಕಾರಿಗೆ ಇಂದು ಎಲೆಕ್ಟ್ರಾನಿಕ್ ಉಪಕರಣ ಜೋಡಿಸುವವರನ್ನು ಅದು ಇನ್ನೂ ಏಕೆ ಕಾಡುತ್ತಿದೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಹೊರಟರೆ, ಪಿ.ಯು.ಸಿ. ತರಗತಿಯಲ್ಲಿ ಕಲಿಸುವ ಓಮ್ ನಿಯಮ ಹಾಗೂ ಪ್ರೇರಕತೆಯ ಪಾಠಗಳು ನೂರಕ್ಕೂ ಹೆಚ್ಚು ವರ್ಷಗಳ ತಂತ್ರಜ್ಞಾನದ ಇತಿಹಾಸದೊಂದಿಗೆ ಹೆಣೆದುಕೊಂಡಿರುವುದು ಕಾಣುತ್ತದೆ.

ಪ್ರಯೋಗಶಾಲೆಯಿಂದ ಗಾಡಿಗೆ

ಮೈಕೇಲ್ ಫ್ಯಾರಡೆ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದದ್ದು 1831ರಲ್ಲಿ. ಸುರುಳಿಯೊಂದರ ಮೂಲಕ ಹಾಯುವ ಕಾಂತೀಯ ಅಭಿವಾಹ ಬದಲಾದಾಗ ಅದರಲ್ಲಿ ವಿದ್ಯುತ್ ಚಾಲಕ ಬಲ ಉಂಟಾಗುತ್ತದೆ. ಬದಲಾವಣೆ ವೇಗವಾಗಿ ಆದಷ್ಟೂ ಆ ಬಲ ಹೆಚ್ಚು. ಐರ್ಲೆಂಡಿನ ಮೇನೂತ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಪಾದ್ರಿ ನಿಕೋಲಸ್ ಕ್ಯಾಲನ್ 1836ರಲ್ಲಿ ಈ ತತ್ತ್ವವನ್ನು ಬಳಸಿ ಪ್ರೇರಣ ಸುರುಳಿಯನ್ನು ನಿರ್ಮಿಸಿದರು. ಕಬ್ಬಿಣದ ತಿರುಳಿನ ಮೇಲೆ ಕೆಲವೇ ಸುತ್ತುಗಳ ದಪ್ಪ ತಂತಿಯ ಪ್ರಾಥಮಿಕ ಸುರುಳಿ, ಅದರ ಜೊತೆಗೆ ಬಹಳಷ್ಟು ಸುತ್ತುಗಳ ತೆಳು ತಂತಿಯ ದ್ವಿತೀಯಕ ಸುರುಳಿ. ಪ್ರಾಥಮಿಕದ ಪ್ರವಾಹವನ್ನು ಥಟ್ಟನೆ ಕಡಿದರೆ ದ್ವಿತೀಯಕದ ತುದಿಗಳ ನಡುವೆ ಕಿಡಿ ಹಾರುತ್ತದೆ.

ಪ್ಯಾರಿಸ್‌ನಲ್ಲಿ ಉಪಕರಣ ತಯಾರಕರಾಗಿದ್ದ ಹೈನ್ರಿಕ್ ರುಮ್‌ಕಾರ್ಫ್ ಈ ಸುರುಳಿಯನ್ನು ಬಹಳವಾಗಿ ಉತ್ತಮಪಡಿಸಿದರು. ಅದಕ್ಕಾಗಿ 1864ರಲ್ಲಿ ಮೂರನೆಯ ನೆಪೋಲಿಯನ್ ಸ್ಥಾಪಿಸಿದ್ದ 50,000 ಫ್ರಾಂಕ್‌ಗಳ ವೋಲ್ಟಾ ಪ್ರಶಸ್ತಿ ಅವರಿಗೆ ದೊರೆಯಿತು. ಬೆಳಕಿನ ವೇಗವನ್ನು ಅಳೆದು ಹೆಸರಾದ ಫಿಜೋ, 1853ರಲ್ಲಿ ಪ್ರವಾಹ ಕಡಿಯುವ ಸಂಪರ್ಕಕ್ಕೆ ಅಡ್ಡಲಾಗಿ ಒಂದು ಧಾರಕವನ್ನು ಜೋಡಿಸುವ ಸಲಹೆ ನೀಡಿದರು. ಸಂಪರ್ಕ ತೆರೆದುಕೊಳ್ಳುವಾಗ ಅಲ್ಲಿಯೇ ಕಿಡಿ ಹಾರಿ ಶಕ್ತಿ ಸೋರಿಹೋಗುವುದನ್ನು ಇದು ತಪ್ಪಿಸಿತು. ಹಳೆಯ ಕಾರುಗಳಲ್ಲಿ ಮೆಕ್ಯಾನಿಕ್‌ಗಳು ‘ಕಂಡೆನ್ಸರ್’ ಎಂದು ಕರೆಯುತ್ತಿದ್ದ, ಸುಮಾರು 0.2 ಮೈಕ್ರೋಫ್ಯಾರಡ್‌ನ ಪುಟ್ಟ ಡಬ್ಬಿ ಇದೇ ಸಲಹೆಯ ವಂಶಸ್ಥ.

1860ರಲ್ಲಿ ಲೆನ್ವಾ ತಯಾರಿಸಿದ ಅನಿಲ ಎಂಜಿನ್‌ನಲ್ಲಿ ದಹನವನ್ನು ಆರಂಭಿಸಲು ರುಮ್‌ಕಾರ್ಫ್ ಸುರುಳಿ ಬಳಕೆಯಾಯಿತು. 1886ರಲ್ಲಿ ಪೇಟೆಂಟ್ ಪಡೆದ ಕಾರ್ಲ್ ಬೆಂಜ್ ಅವರ ಮೂರು ಚಕ್ರದ ಗಾಡಿಯಲ್ಲಿಯೂ ಬ್ಯಾಟರಿ ಮತ್ತು ಕಂಪಿಸುವ ಸಂಪರ್ಕವುಳ್ಳ ಸುರುಳಿಯೇ ಕಿಡಿಯನ್ನು ಕೊಡುತ್ತಿತ್ತು. ಆಗಿನ ಬ್ಯಾಟರಿಗಳು ಬೇಗ ಬರಿದಾಗುತ್ತಿದ್ದುದು ದೊಡ್ಡ ತೊಡಕು. ಆದ್ದರಿಂದ ತಾನೇ ವಿದ್ಯುತ್ತನ್ನು ಉತ್ಪಾದಿಸಿಕೊಳ್ಳುವ ಮ್ಯಾಗ್ನೆಟೊ ಮುಂದೆ ಬಂದಿತು. ಬಾಷ್ ಸಂಸ್ಥೆಯ ಗಾಟ್‌ಲೋಬ್ ಹೊನೋಲ್ಡ್ 1902ರಲ್ಲಿ ರೂಪಿಸಿದ ಅಧಿಕ ವೋಲ್ಟೇಜ್ ಮ್ಯಾಗ್ನೆಟೊ ಹಲವು ವರ್ಷಗಳ ಕಾಲ ಕಾರುಗಳನ್ನು ಆಳಿತು.

ಬ್ಯಾಟರಿಯನ್ನು ಮತ್ತೆ ಮುಂಚೂಣಿಗೆ ತಂದವರು ಅಮೆರಿಕದ ಡೇಟನ್ ನಗರದ ಚಾರ್ಲ್ಸ್ ಕೆಟರಿಂಗ್. 1909ರಲ್ಲಿ ಅವರು ಎಡ್ವರ್ಡ್ ಡೀಡ್ಸ್ ಜೊತೆ ಸೇರಿ ಕಟ್ಟಿದ ಡೆಲ್ಕೊ ಸಂಸ್ಥೆಯ ಇಗ್ನಿಷನ್ ವ್ಯವಸ್ಥೆ 1910ರ ಮಾದರಿಯ ಕ್ಯಾಡಿಲಾಕ್ ಕಾರುಗಳಲ್ಲಿ ಬಂದಿತು. 1912ರಲ್ಲಿ ಅದೇ ಕಾರಿಗೆ ವಿದ್ಯುತ್ ಸ್ಟಾರ್ಟರ್ ಜೋಡಣೆಯಾಯಿತು. ಸ್ಟಾರ್ಟರ್‌ಗಾಗಿ ಹೇಗೂ ಬ್ಯಾಟರಿ ಮತ್ತು ಅದನ್ನು ತುಂಬುವ ಜನರೇಟರ್ ಇರಲೇಬೇಕು. ಹಾಗಿದ್ದ ಮೇಲೆ ದುಬಾರಿ ಮ್ಯಾಗ್ನೆಟೊ ಏಕೆ? ಕೆಟರಿಂಗ್ ವ್ಯವಸ್ಥೆಯು ಕ್ರಮೇಣ ಜಗತ್ತಿನಾದ್ಯಂತ ಹರಡಿ, ಮುಂದಿನ ಆರು ದಶಕಗಳ ಕಾಲ ಹೆಚ್ಚುಕಡಿಮೆ ಬದಲಾಗದೆ ಉಳಿಯಿತು.

ಕೆಟರಿಂಗ್ ವ್ಯವಸ್ಥೆಯ ಒಳಗೆ

ಈ ವ್ಯವಸ್ಥೆಯ ಭಾಗಗಳು ಸರಳ. ಬ್ಯಾಟರಿ, ಇಗ್ನಿಷನ್ ಬೀಗ, ಪ್ರಾಥಮಿಕ ಸುರುಳಿ ಮತ್ತು ಡಿಸ್ಟ್ರಿಬ್ಯೂಟರ್‌ನೊಳಗಿನ ಸಂಪರ್ಕ ಬಿಂದುಗಳು ಸರಣಿಯಲ್ಲಿರುತ್ತವೆ. ಎಂಜಿನ್ ತಿರುಗಿದಂತೆ ಒಂದು ಕ್ಯಾಮ್ ಈ ಬಿಂದುಗಳನ್ನು ತೆರೆದು ಮುಚ್ಚುತ್ತದೆ. ಮುಚ್ಚಿದ್ದಾಗ ಪ್ರಾಥಮಿಕದಲ್ಲಿ ಪ್ರವಾಹ ಬೆಳೆದು, ತಿರುಳಿನ ಕಾಂತಕ್ಷೇತ್ರದಲ್ಲಿ ಶಕ್ತಿ ಸಂಗ್ರಹವಾಗುತ್ತದೆ. ಪ್ರೇರಕತೆಯನ್ನು ಪ್ರವಾಹದ ವರ್ಗದಿಂದ ಗುಣಿಸಿ ಅರ್ಧ ಮಾಡಿದರೆ ಈ ಶಕ್ತಿ ಎಷ್ಟೆಂದು ತಿಳಿಯುತ್ತದೆ. ಬಿಂದುಗಳು ತೆರೆದೊಡನೆ ಕಾಂತಕ್ಷೇತ್ರ ಕುಸಿದು ಪ್ರಾಥಮಿಕದಲ್ಲಿಯೇ 200ರಿಂದ 300 ವೋಲ್ಟ್ ಹುಟ್ಟುತ್ತದೆ. ಸುತ್ತುಗಳ ಅನುಪಾತ ಸುಮಾರು 1:100 ಇರುವುದರಿಂದ ದ್ವಿತೀಯಕದಲ್ಲಿ 20,000 ವೋಲ್ಟ್ ಅಥವಾ ಅದಕ್ಕೂ ಹೆಚ್ಚು ಉಂಟಾಗಿ ಸ್ಪಾರ್ಕ್ ಪ್ಲಗ್‌ನ ಕಿಂಡಿಯಲ್ಲಿ ಕಿಡಿ ಹಾರುತ್ತದೆ.

ಇಲ್ಲಿ ಎರಡು ಮಿತಿಗಳಿವೆ. ಮೊದಲನೆಯದು ಸಂಪರ್ಕ ಬಿಂದುಗಳದು. ಅವು ದಿನವಿಡೀ ಲಕ್ಷಾಂತರ ಬಾರಿ ತೆರೆದು ಮುಚ್ಚಬೇಕು. ಪ್ರವಾಹ ಸುಮಾರು 4 ಆಂಪೇರ್ ದಾಟಿದರೆ ಅವು ಬೇಗನೆ ಸುಟ್ಟು ಕುಳಿ ಬೀಳುತ್ತವೆ. ಎರಡನೆಯದು ಕಾಲದ ಮಿತಿ. ಎಂಟು ಸಿಲಿಂಡರ್‌ಗಳ ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ ಸೆಕೆಂಡಿಗೆ 400 ಕಿಡಿ ಬೇಕು. ಒಂದು ಕಿಡಿಗೆ ದೊರೆಯುವ ಕಾಲ 2.5 ಮಿಲಿಸೆಕೆಂಡ್. ಅದರಲ್ಲಿ ಬಿಂದುಗಳು ಮುಚ್ಚಿರುವುದು ಸುಮಾರು ಮೂರರಲ್ಲಿ ಎರಡು ಪಾಲು, ಅಂದರೆ 1.67 ಮಿಲಿಸೆಕೆಂಡ್ ಮಾತ್ರ. ಅಷ್ಟರೊಳಗೆ ಸುರುಳಿ ತುಂಬಿಕೊಳ್ಳಬೇಕು.

ಪ್ರೇರಕತೆ ಇರುವ ಮಂಡಲದಲ್ಲಿ ಪ್ರವಾಹ ಒಮ್ಮೆಗೇ ಏರುವುದಿಲ್ಲ. ಅದರ ಏರಿಕೆಯ ವೇಗವನ್ನು ಕಾಲ ಸ್ಥಿರಾಂಕ ನಿರ್ಧರಿಸುತ್ತದೆ. ಪ್ರೇರಕತೆಯನ್ನು ಮಂಡಲದ ಒಟ್ಟು ರೋಧದಿಂದ ಭಾಗಿಸಿದರೆ ಈ ಸ್ಥಿರಾಂಕ ಸಿಗುತ್ತದೆ. ಒಂದು ಕಾಲ ಸ್ಥಿರಾಂಕದಷ್ಟು ಹೊತ್ತಿನಲ್ಲಿ ಪ್ರವಾಹ ತನ್ನ ಗರಿಷ್ಠ ಮೌಲ್ಯದ ಶೇಕಡಾ 63ನ್ನು ಮುಟ್ಟುತ್ತದೆ. ಬ್ಯಾಲಾಸ್ಟ್‌ನ ಗುಟ್ಟು ಅಡಗಿರುವುದು ಈ ಭಾಗಾಕಾರದಲ್ಲಿ.

ಆರರಿಂದ ಹನ್ನೆರಡಕ್ಕೆ

ಸುರುಳಿಯೊಡನೆ ಸರಣಿಯಲ್ಲಿ ರೋಧಕ ಇಡುವುದು ಹಳೆಯ ಉಪಾಯವೇ. 1910ರ ದಶಕದ ಡೆಲ್ಕೊ ವ್ಯವಸ್ಥೆಗಳಲ್ಲಿಯೇ ಕಬ್ಬಿಣದ ತಂತಿಯ ಸಣ್ಣ ರೋಧಕವಿರುತ್ತಿತ್ತು. ಚಾಲಕ ಬೀಗವನ್ನು ತೆರೆದೇ ಬಿಟ್ಟು ಹೋದರೆ ತಂತಿ ಕಾಯುತ್ತದೆ, ಕಾದಂತೆ ಅದರ ರೋಧ ಹೆಚ್ಚಿ ಪ್ರವಾಹ ತಗ್ಗುತ್ತದೆ, ಸುರುಳಿ ಉಳಿಯುತ್ತದೆ. ಲೋಹಗಳ ರೋಧ ತಾಪದೊಂದಿಗೆ ಏರುವ ಗುಣವನ್ನೇ ಇಲ್ಲಿ ಕಾವಲಿಗೆ ಬಳಸಲಾಗಿತ್ತು.

ಆದರೆ ಬ್ಯಾಲಾಸ್ಟ್ ಮನೆಮಾತಾದದ್ದು ಬ್ಯಾಟರಿಯ ವೋಲ್ಟೇಜ್ ಬದಲಾದಾಗ. ಎರಡನೆಯ ಮಹಾಯುದ್ಧದ ನಂತರದ ಕಾರುಗಳಲ್ಲಿ ಸಂಪೀಡನ ಅನುಪಾತ ಏರತೊಡಗಿತು, ಎಂಜಿನ್‌ಗಳು ದೊಡ್ಡವಾದವು. ಅಂಥ ಎಂಜಿನನ್ನು 6 ವೋಲ್ಟ್ ಸ್ಟಾರ್ಟರ್‌ನಿಂದ ತಿರುಗಿಸುವುದು ಕಷ್ಟವಾಯಿತು. ಅನಿಲದ ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕೆಂಬುದು ಪಾಶೆನ್ 1889ರಲ್ಲಿ ನಿರೂಪಿಸಿದ ನಿಯಮದಿಂದ ತಿಳಿದೇ ಇತ್ತು. ಸಾಮರ್ಥ್ಯ ಅಷ್ಟೇ ಇದ್ದು ವೋಲ್ಟೇಜ್ ಇಮ್ಮಡಿಸಿದರೆ ಪ್ರವಾಹ ಅರ್ಧವಾಗುತ್ತದೆ, ತಂತಿಗಳಲ್ಲಿನ ನಷ್ಟ ಕಾಲುಭಾಗಕ್ಕೆ ಇಳಿಯುತ್ತದೆ. 1953ರ ಮಾದರಿಗಳಲ್ಲಿ ಜನರಲ್ ಮೋಟಾರ್ಸ್‌ನ ಕ್ಯಾಡಿಲಾಕ್, ಬ್ಯೂಕ್, ಓಲ್ಡ್ಸ್‌ಮೊಬಿಲ್ ಕಾರುಗಳು 12 ವೋಲ್ಟಿಗೆ ಬದಲಾದವು. 1955ರಲ್ಲಿ ಷೆವ್ರೊಲೆ, 1956ರಲ್ಲಿ ಫೋರ್ಡ್ ಮತ್ತು ಕ್ರೈಸ್ಲರ್ ಅದೇ ದಾರಿ ಹಿಡಿದವು. ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಮಾತ್ರ 1960ರ ದಶಕದ ಮಧ್ಯದವರೆಗೂ 6 ವೋಲ್ಟಿನಲ್ಲೇ ಉಳಿದಿತ್ತು.

ಈಗ ಇಗ್ನಿಷನ್ ಸುರುಳಿಯನ್ನು ಏನು ಮಾಡುವುದು? ಒಂದು ದಾರಿಯೆಂದರೆ ಹೆಚ್ಚು ಸುತ್ತುಗಳಿರುವ, ಸುಮಾರು 3 ಓಮ್ ರೋಧದ ಹೊಸ ಸುರುಳಿ. ಇನ್ನೊಂದು ದಾರಿ, ಕಡಿಮೆ ಸುತ್ತುಗಳ ಸುಮಾರು ಒಂದೂವರೆ ಓಮ್‌ನ ಸುರುಳಿಯನ್ನೇ ಇಟ್ಟುಕೊಂಡು ಹೊರಗೆ ಒಂದೂವರೆ ಓಮ್‌ನ ಬ್ಯಾಲಾಸ್ಟ್ ಸೇರಿಸುವುದು. ಎರಡರಲ್ಲೂ ಒಟ್ಟು ರೋಧ 3 ಓಮ್. ಗರಿಷ್ಠ ಪ್ರವಾಹ ಒಂದೇ. ಹಾಗಾದರೆ ಎರಡನೆಯದರಿಂದ ಏನು ಲಾಭ?

ಲೆಕ್ಕ ಹಾಕಿ ನೋಡೋಣ

ಅನುಕೂಲಕ್ಕಾಗಿ ದುಂಡು ಅಂಕಿಗಳನ್ನು ಇಟ್ಟುಕೊಳ್ಳೋಣ. ಮೊದಲನೆಯ ಸುರುಳಿಗೆ 3 ಓಮ್, 9 ಮಿಲಿಹೆನ್ರಿ. ಎರಡನೆಯದಕ್ಕೆ 1.5 ಓಮ್, 6 ಮಿಲಿಹೆನ್ರಿ, ಜೊತೆಗೆ 1.5 ಓಮ್ ಬ್ಯಾಲಾಸ್ಟ್. ಎಂಜಿನ್ ಓಡುತ್ತಿರುವಾಗ ಜನರೇಟರ್ ಕೊಡುವ ವೋಲ್ಟೇಜ್ 14 ಎಂದಿರಲಿ. ಎರಡರಲ್ಲೂ ಗರಿಷ್ಠ ಪ್ರವಾಹ 14 ಭಾಗಿಸು 3, ಅಂದರೆ 4.7 ಆಂಪೇರ್. ಆದರೆ ಮೊದಲನೆಯದರ ಕಾಲ ಸ್ಥಿರಾಂಕ 3 ಮಿಲಿಸೆಕೆಂಡ್, ಎರಡನೆಯದರದು 2 ಮಿಲಿಸೆಕೆಂಡ್.

ಎಂಜಿನ್ ನಿಧಾನವಾಗಿ, ನಿಮಿಷಕ್ಕೆ 600 ಸುತ್ತು ತಿರುಗುವಾಗ ಎರಡೂ ಸುರುಳಿಗಳು ಪೂರ್ತಿ ತುಂಬಿಕೊಳ್ಳುತ್ತವೆ. ಮೊದಲನೆಯದರಲ್ಲಿ ಸುಮಾರು 98 ಮಿಲಿಜೌಲ್, ಎರಡನೆಯದರಲ್ಲಿ 65 ಮಿಲಿಜೌಲ್. ಎರಡೂ ಸಾಕಷ್ಟಾಯಿತು. ಎಂಟು ಸಿಲಿಂಡರ್ ಎಂಜಿನ್ 6000 ಸುತ್ತು ತಿರುಗುವಾಗ ಚಿತ್ರ ಬದಲಾಗುತ್ತದೆ. 1.67 ಮಿಲಿಸೆಕೆಂಡ್‌ನಲ್ಲಿ ಮೊದಲನೆಯದು 2 ಆಂಪೇರ್ ಮುಟ್ಟಿ 18 ಮಿಲಿಜೌಲ್ ಸಂಗ್ರಹಿಸಿದರೆ, ಎರಡನೆಯದು 2.6 ಆಂಪೇರ್ ಮುಟ್ಟಿ 21 ಮಿಲಿಜೌಲ್ ಸಂಗ್ರಹಿಸುತ್ತದೆ. ನಿಧಾನದಲ್ಲಿ ಹಿಂದಿದ್ದ ಸುರುಳಿ ವೇಗದಲ್ಲಿ ಮುಂದೆ ಬಂದಿದೆ. ಕಿಡಿಯ ಶಕ್ತಿ ಕೊರತೆಯಾಗುವುದು ವೇಗದಲ್ಲಿಯೇ ಆದ್ದರಿಂದ ಈ ಅದಲುಬದಲು ಲಾಭದಾಯಕ. ಕಬ್ಬಿಣದಂತೆ ತಾಪದೊಂದಿಗೆ ರೋಧ ಏರುವ ತಂತಿಯನ್ನು ಬ್ಯಾಲಾಸ್ಟ್‌ಗೆ ಬಳಸಿದರೆ ಇನ್ನೂ ಒಂದು ಅನುಕೂಲವಿದೆ. ವೇಗ ಕಡಿಮೆಯಿದ್ದಾಗ ಸರಾಸರಿ ಪ್ರವಾಹ ಹೆಚ್ಚು, ತಂತಿ ಬಿಸಿ, ರೋಧ ಅಧಿಕ. ವೇಗ ಹೆಚ್ಚಿದಾಗ ಪ್ರವಾಹ ಕಡಿಮೆ, ತಂತಿ ತಂಪು, ರೋಧ ಕಡಿಮೆ. ಯಾರೂ ಮುಟ್ಟದೆಯೇ ಅದು ಪ್ರವಾಹವನ್ನು ಸರಿದೂಗಿಸುತ್ತದೆ.

ಅತಿ ದೊಡ್ಡ ಲಾಭ ಎಂಜಿನ್ ಹೊರಡಿಸುವ ಕ್ಷಣದಲ್ಲಿ. ಚಳಿಯ ಬೆಳಗಿನಲ್ಲಿ ಸ್ಟಾರ್ಟರ್ ನೂರಾರು ಆಂಪೇರ್ ಎಳೆಯುವಾಗ ಬ್ಯಾಟರಿಯ ವೋಲ್ಟೇಜ್ 9ಕ್ಕೋ ಅದಕ್ಕಿಂತ ಕೆಳಕ್ಕೋ ಕುಸಿಯುತ್ತದೆ. ಒಳ್ಳೆಯ ಕಿಡಿ ಬೇಕಿರುವುದು ಆಗಲೇ. ಮೊದಲನೆಯ ಸುರುಳಿಯಲ್ಲಿ ಆಗ 3 ಆಂಪೇರ್, 40 ಮಿಲಿಜೌಲ್ ಮಾತ್ರ. ಎರಡನೆಯ ವ್ಯವಸ್ಥೆಯಲ್ಲಿ ಒಂದು ಜಾಣತನವಿದೆ: ಸ್ಟಾರ್ಟರ್ ತಿರುಗುತ್ತಿರುವಷ್ಟು ಹೊತ್ತು ಇನ್ನೊಂದು ತಂತಿಯ ಮೂಲಕ ಬ್ಯಾಲಾಸ್ಟ್ ಅನ್ನು ಬಳಸಿ ಹೋಗದೆ, ಪ್ರವಾಹ ನೇರವಾಗಿ ಸುರುಳಿಗೆ ಹರಿಯುತ್ತದೆ. 9 ಭಾಗಿಸು 1.5, ಅಂದರೆ 6 ಆಂಪೇರ್. ಶಕ್ತಿ 108 ಮಿಲಿಜೌಲ್. ತಿರುಳು ಸಂತೃಪ್ತವಾಗುವುದರಿಂದ ವಾಸ್ತವದಲ್ಲಿ ಇದು ಸ್ವಲ್ಪ ಕಡಿಮೆಯಾದರೂ ಮೊದಲನೆಯದನ್ನು ಬಹಳ ಮೀರಿಸುತ್ತದೆ. ಕೀಲಿಯನ್ನು ಬಿಟ್ಟೊಡನೆ ಬ್ಯಾಲಾಸ್ಟ್ ಮತ್ತೆ ಮಂಡಲದೊಳಕ್ಕೆ ಬರುತ್ತದೆ. ಕೆಲವೇ ಸೆಕೆಂಡುಗಳ ಅತಿ ಪ್ರವಾಹದಿಂದ ಬಿಂದುಗಳಿಗೆ ಹಾನಿಯಿಲ್ಲ.

ಇದರಿಂದಲೇ ಒಂದು ಪ್ರಸಿದ್ಧ ರೋಗಲಕ್ಷಣವೂ ಅರ್ಥವಾಗುತ್ತದೆ. ಕೀಲಿ ತಿರುಗಿಸಿದಾಗ ಎಂಜಿನ್ ಹೊರಡುತ್ತದೆ, ಕೀಲಿ ಬಿಟ್ಟ ಕ್ಷಣವೇ ನಿಂತುಹೋಗುತ್ತದೆ. ಪೆಟ್ರೋಲನ್ನೂ ಕಾರ್ಬ್ಯುರೇಟರನ್ನೂ ದೂರಬೇಕಿಲ್ಲ. ಬ್ಯಾಲಾಸ್ಟ್‌ನ ತಂತಿ ತುಂಡಾಗಿರುವ ಸಾಧ್ಯತೆಯೇ ಹೆಚ್ಚು. ಅಮೆರಿಕದಲ್ಲಿ ಹಳೆಯ ಕ್ರೈಸ್ಲರ್ ಕಾರುಗಳ ಮಾಲೀಕರು ಡ್ಯಾಷ್‌ಬೋರ್ಡಿನ ಪೆಟ್ಟಿಗೆಯಲ್ಲಿ ಒಂದು ಬಿಡಿ ಬ್ಯಾಲಾಸ್ಟ್ ಇಟ್ಟುಕೊಳ್ಳುವ ರೂಢಿ ಹೀಗೆ ಹುಟ್ಟಿತು.

ಒಂದು ತಪ್ಪು ಕಲ್ಪನೆ

‘ಬ್ಯಾಲಾಸ್ಟ್ ಎಂದರೆ 12 ವೋಲ್ಟನ್ನು 6 ವೋಲ್ಟ್ ಮಾಡುವ ಸಾಧನ’ ಎಂಬ ಮಾತು ಗ್ಯಾರೇಜುಗಳಲ್ಲಿ ಬಹಳ ಪ್ರಚಲಿತ. ಅರ್ಧ ಸತ್ಯವಾದ್ದರಿಂದ ಇದು ಹೆಚ್ಚು ದಾರಿ ತಪ್ಪಿಸುತ್ತದೆ. ರೋಧಕದ ತುದಿಗಳ ನಡುವಿನ ವಿಭವಾಂತರ ಅದರಲ್ಲಿ ಹರಿಯುವ ಪ್ರವಾಹವನ್ನು ಅವಲಂಬಿಸಿದೆ. ಪ್ರವಾಹವಿಲ್ಲದಿದ್ದರೆ ವಿಭವಾಂತರವೂ ಇಲ್ಲ. ಸಂಪರ್ಕ ಬಿಂದುಗಳು ತೆರೆದ ಸ್ಥಿತಿಯಲ್ಲಿ ಎಂಜಿನ್ ನಿಂತಿದ್ದು, ಸುರುಳಿಯ ಧನ ತುದಿಯಲ್ಲಿ ವೋಲ್ಟ್‌ಮೀಟರ್ ಇಟ್ಟರೆ ಅದು ಬ್ಯಾಟರಿಯ ಪೂರ್ಣ 12.6 ವೋಲ್ಟನ್ನೇ ತೋರಿಸುತ್ತದೆ. ಇದನ್ನು ಕಂಡು ‘ಬ್ಯಾಲಾಸ್ಟ್ ಕೆಲಸ ಮಾಡುತ್ತಿಲ್ಲ’ ಎಂದು ತೀರ್ಮಾನಿಸಿ ಹೊಸದನ್ನು ಹಾಕಿದವರು ಅನೇಕ. ಬಿಂದುಗಳು ಮುಚ್ಚಿದ್ದರೆ 4.2 ಆಂಪೇರ್ ಹರಿದು ಅದೇ ಮೀಟರ್ 6.3 ವೋಲ್ಟ್ ತೋರಿಸುತ್ತದೆ. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಮೂರರಲ್ಲಿ ಎರಡು ಪಾಲು ಕಾಲ ಸುಮಾರು 7 ವೋಲ್ಟ್, ಒಂದು ಪಾಲು ಕಾಲ 14 ವೋಲ್ಟ್ ಇರುವುದರಿಂದ ಮೀಟರ್‌ನ ಮುಳ್ಳು ಸರಾಸರಿಯಾಗಿ 9ರ ಸುತ್ತ ನಿಲ್ಲುತ್ತದೆ. ಮೂರು ಸಂಖ್ಯೆಗಳೂ ಸರಿ. ಯಾವ ಸ್ಥಿತಿಯಲ್ಲಿ ಅಳೆದದ್ದೆಂದು ಹೇಳದಿದ್ದರೆ ಮೂರೂ ನಿರರ್ಥಕ.

ಟ್ರಾನ್ಸಿಸ್ಟರ್ ಬಂದಾಗ

ಸಂಪರ್ಕ ಬಿಂದುಗಳು ಸವೆಯುತ್ತವೆ, ಅವುಗಳ ನಡುವಿನ ಅಂತರ ಬದಲಾಗುತ್ತದೆ, ಕಿಡಿಯ ಸಮಯ ತಪ್ಪುತ್ತದೆ. ಕೆಲವು ಸಾವಿರ ಕಿಲೋಮೀಟರಿಗೊಮ್ಮೆ ಅವನ್ನು ಉಜ್ಜಿ, ಸರಿಪಡಿಸಿ, ಬದಲಿಸಬೇಕು. ಭಾರತದಲ್ಲಿ 2014ರವರೆಗೆ ತಯಾರಾದ ಅಂಬಾಸಡರ್ ಮತ್ತು ಮುಂಬಯಿಯ ಟ್ಯಾಕ್ಸಿಯಾಗಿ ಹೆಸರಾದ ಪದ್ಮಿನಿ ಕಾರುಗಳನ್ನು ಇಟ್ಟುಕೊಂಡಿದ್ದವರಿಗೆ ಉಪ್ಪುಕಾಗದದಿಂದ ‘ಪಾಯಿಂಟ್’ ಉಜ್ಜುವ ಕೆಲಸ ಹೊಸದಲ್ಲ.

1947ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. 1960ರ ದಶಕದ ಆರಂಭಕ್ಕೆ ಅದನ್ನು ಇಗ್ನಿಷನ್‌ಗೆ ಬಳಸುವ ಪ್ರಯತ್ನಗಳು ನಡೆದವು. ಮೊದಲಿಗೆ ಬಿಂದುಗಳನ್ನು ಉಳಿಸಿಕೊಂಡು, ಅವುಗಳ ಮೂಲಕ ಟ್ರಾನ್ಸಿಸ್ಟರಿನ ಅಲ್ಪ ನಿಯಂತ್ರಕ ಪ್ರವಾಹವನ್ನು ಮಾತ್ರ ಹರಿಸಲಾಯಿತು. ದೊಡ್ಡ ಪ್ರವಾಹದ ಹೊರೆಯನ್ನು ಟ್ರಾನ್ಸಿಸ್ಟರ್ ಹೊತ್ತಿತು. 1963ರ ಮಾದರಿಯ ಪಾಂಟಿಯಾಕ್ ಕಾರುಗಳಲ್ಲಿ ಬಿಂದುಗಳೇ ಇಲ್ಲದ, ಕಾಂತೀಯ ಸ್ಪಂದದಿಂದ ನಡೆಯುವ ಡೆಲ್ಕೊ ವ್ಯವಸ್ಥೆ ಐಚ್ಛಿಕವಾಗಿ ಲಭ್ಯವಾಯಿತು. ಆದರೆ ಅಂದಿನ ಟ್ರಾನ್ಸಿಸ್ಟರುಗಳಿಗೆ ಹೆಚ್ಚು ವೋಲ್ಟೇಜ್ ತಡೆದುಕೊಳ್ಳುವ ಶಕ್ತಿ ಇರಲಿಲ್ಲ. ಪ್ರಾಥಮಿಕದಲ್ಲಿ ಹುಟ್ಟುವ 300 ವೋಲ್ಟ್ ಅವನ್ನು ಕೊಂದುಬಿಡುತ್ತಿತ್ತು. ಹೀಗಾಗಿ ಸುತ್ತುಗಳ ಅನುಪಾತ ಹೆಚ್ಚಿರುವ, ರೋಧ ಬಹಳ ಕಡಿಮೆಯಿರುವ ವಿಶೇಷ ಸುರುಳಿಗಳು ಬೇಕಾದವು. ಅವುಗಳ ಪ್ರವಾಹವನ್ನು ಹಿಡಿದಿಡಲು ಮತ್ತೆ ಬ್ಯಾಲಾಸ್ಟ್ ಬೇಕಾಯಿತು.

ಎಲೆಕ್ಟ್ರಾನಿಕ್ ಇಗ್ನಿಷನ್ ಐಷಾರಾಮದಿಂದ ಅಗತ್ಯಕ್ಕೆ ಇಳಿದದ್ದು ಕಾನೂನಿನಿಂದ. ಅಮೆರಿಕದ 1970ರ ಶುದ್ಧ ವಾಯು ಕಾಯಿದೆಯು ಕಾರಿನ ಹೊಗೆಯ ಮಿತಿಯನ್ನು 50,000 ಮೈಲುಗಳವರೆಗೂ ಕಾಯ್ದುಕೊಳ್ಳಬೇಕೆಂದು ವಿಧಿಸಿತು. ಸವೆಯುವ ಬಿಂದುಗಳಿಂದ ಇದು ಆಗದ ಮಾತು. ಕಿಡಿ ತಪ್ಪಿದಾಗಲೆಲ್ಲ ಸುಡದ ಪೆಟ್ರೋಲ್ ಹೊಗೆಕೊಳವೆಯಲ್ಲಿ ಹೊರಬರುತ್ತದೆ. ಕ್ರೈಸ್ಲರ್ ಸಂಸ್ಥೆ 1973ರ ಮಾದರಿಗಳಿಂದ ತನ್ನ ಅಮೆರಿಕದ ಕಾರುಗಳಲ್ಲೆಲ್ಲ ಬಿಂದುರಹಿತ ಇಗ್ನಿಷನ್ ಅಳವಡಿಸಿತು. ಅದರಲ್ಲಿಯೂ ಬ್ಯಾಲಾಸ್ಟ್ ಇತ್ತು. ಅಷ್ಟೇ ಅಲ್ಲ, ನಾಲ್ಕು ತುದಿಗಳ ಜೋಡಿ ಬ್ಯಾಲಾಸ್ಟ್ ಇತ್ತು. ಕಡಿಮೆ ರೋಧದ ಅರ್ಧ ಸುರುಳಿಗೆ, ಸುಮಾರು 5 ಓಮ್‌ನ ಇನ್ನರ್ಧ ನಿಯಂತ್ರಕ ಪೆಟ್ಟಿಗೆಯ ಒಳಮಂಡಲಕ್ಕೆ.

ಬ್ಯಾಲಾಸ್ಟ್‌ಗೆ ವಿದಾಯ ಹೇಳಿದ್ದು ಜನರಲ್ ಮೋಟಾರ್ಸ್‌ನ ‘ಹೈ ಎನರ್ಜಿ ಇಗ್ನಿಷನ್’. 1974ರಲ್ಲಿ ಕಾಣಿಸಿಕೊಂಡ ಇದು 1975ರ ಮಾದರಿಗಳಲ್ಲಿ ವ್ಯಾಪಕವಾಯಿತು. ಇದರ ಸುರುಳಿಯ ಪ್ರಾಥಮಿಕ ರೋಧ ಸುಮಾರು ಅರ್ಧ ಓಮ್. 14 ವೋಲ್ಟಿಗೆ ನೇರವಾಗಿ ಜೋಡಿಸಿದರೆ ಪ್ರವಾಹ 28 ಆಂಪೇರ್‌ನತ್ತ ಏರಬೇಕು. ಹಾಗಾಗಲು ಮಾಡ್ಯೂಲ್ ಬಿಡುವುದಿಲ್ಲ. ಪ್ರವಾಹ ಸುಮಾರು 5ರಿಂದ 7 ಆಂಪೇರ್ ತಲುಪಿದೊಡನೆ ಅದು ಟ್ರಾನ್ಸಿಸ್ಟರನ್ನು ಹಿಡಿದು ಏರಿಕೆಯನ್ನು ತಡೆಯುತ್ತದೆ. ಗರಿಷ್ಠ ಮೌಲ್ಯ ಬಹಳ ದೂರದಲ್ಲಿರುವುದರಿಂದ ಏರಿಕೆ ಹೆಚ್ಚುಕಡಿಮೆ ಸರಳರೇಖೆಯಲ್ಲಿ, ವೇಗವಾಗಿ ಸಾಗುತ್ತದೆ. ಹೀಗೆ ದೊರೆತ ಹೆಚ್ಚು ಶಕ್ತಿಯಿಂದ ಪ್ಲಗ್‌ನ ಕಿಂಡಿಯನ್ನು 0.9 ಮಿಲಿಮೀಟರ್‌ನಿಂದ ಒಂದೂವರೆ ಮಿಲಿಮೀಟರ್‌ಗೆ ಹಿಗ್ಗಿಸಲು ಸಾಧ್ಯವಾಯಿತು. ಪೆಟ್ರೋಲ್ ಅಂಶ ಕಡಿಮೆಯಿರುವ ಮಿಶ್ರಣವೂ ಖಚಿತವಾಗಿ ಹೊತ್ತಿಕೊಂಡಿತು.

ಇಲ್ಲೊಂದು ಸ್ವಾರಸ್ಯವಿದೆ. ಮಾಡ್ಯೂಲ್‌ಗೆ ಪ್ರವಾಹ ಎಷ್ಟಿದೆಯೆಂದು ತಿಳಿಯುವುದು ಹೇಗೆ? ಒಳಗೆ ಸರಣಿಯಲ್ಲಿರುವ, ಒಂದು ಓಮ್‌ನ ಸಣ್ಣ ಭಿನ್ನಾಂಶದಷ್ಟು ರೋಧದ ತುಣುಕಿನ ವಿಭವಾಂತರವನ್ನು ಅಳೆದು. ಎಂದರೆ ಸರಣಿಯ ರೋಧಕ ಪೂರ್ತಿಯಾಗಿ ಮಾಯವಾಗಲಿಲ್ಲ. ಮೊದಲು ಅದು ತಾನೇ ಕಾದು ಪ್ರವಾಹವನ್ನು ತಡೆಯುತ್ತಿತ್ತು. ಈಗ ಪ್ರವಾಹದ ಸುದ್ದಿಯನ್ನು ಮಾತ್ರ ತಿಳಿಸುತ್ತದೆ.

ಹಳೆಯ ಕಾರು, ಹೊಸ ಮಾಡ್ಯೂಲ್

ಇಂದು ಹಳೆಯ ಕಾರುಗಳನ್ನು ಪ್ರೀತಿಯಿಂದ ಉಳಿಸಿಕೊಂಡವರು ಡಿಸ್ಟ್ರಿಬ್ಯೂಟರಿನೊಳಗೆ ಬಿಂದುಗಳ ಜಾಗದಲ್ಲಿ ಪುಟ್ಟ ಎಲೆಕ್ಟ್ರಾನಿಕ್ ಮಾಡ್ಯೂಲ್ ಕೂರಿಸುವುದು ಸಾಮಾನ್ಯ. ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ಪರಿಣಾಮವನ್ನು ಆಧರಿಸಿದ ಸಂವೇದಕ, ತಿರುಗುವ ಕಾಂತಗಳನ್ನು ಗ್ರಹಿಸಿ ಟ್ರಾನ್ಸಿಸ್ಟರನ್ನು ನಡೆಸುತ್ತದೆ. ಜೋಡಿಸಲು ಎರಡೇ ತಂತಿ. ಸುಲಭವೆಂದು ಕಾಣುವ ಈ ಕೆಲಸದಲ್ಲಿ ಬ್ಯಾಲಾಸ್ಟ್‌ನ ಇತಿಹಾಸ ತಿಳಿಯದಿದ್ದರೆ ಮೂರು ಬಗೆಯ ತೊಂದರೆಗಳು ಎದುರಾಗುತ್ತವೆ.

ಒಂದು: ಮಾಡ್ಯೂಲಿನ ವಿದ್ಯುತ್ ಪೂರೈಕೆಯ ತಂತಿಯನ್ನು ಹತ್ತಿರದಲ್ಲೇ ಸಿಗುವ ಸುರುಳಿಯ ಧನ ತುದಿಗೆ ಜೋಡಿಸುವುದು. ಬ್ಯಾಲಾಸ್ಟ್ ಇರುವ ಕಾರಿನಲ್ಲಿ ಆ ತುದಿಯ ವೋಲ್ಟೇಜ್ ಪ್ರತಿ ಕಿಡಿಗೂ 14 ಮತ್ತು 7ರ ನಡುವೆ ಜಿಗಿಯುತ್ತದೆ. ಮಾಡ್ಯೂಲ್ ಆನ್ ಆದಾಗಲೇ ಅದರ ಆಹಾರ ಕಡಿಮೆಯಾಗುತ್ತದೆ. ಪರಿಣಾಮವಾಗಿ ಎಂಜಿನ್ ತಡವರಿಸುತ್ತದೆ. ಮಾಡ್ಯೂಲಿಗೆ ಪೂರೈಕೆಯನ್ನು ಬ್ಯಾಲಾಸ್ಟ್‌ಗೆ ಮೊದಲಿನ, ಬೀಗದ ಕಡೆಯ ತುದಿಯಿಂದ ಕೊಡಬೇಕು. ಅದು ಬಳಸುವುದು ಅತ್ಯಲ್ಪ ಪ್ರವಾಹ. ಅದಕ್ಕೆ ಬ್ಯಾಲಾಸ್ಟ್ ಬೇಕಿಲ್ಲ. ಬೇಕಿರುವುದು ಸುರುಳಿಗೆ.

ಎರಡು: ‘ಎಲೆಕ್ಟ್ರಾನಿಕ್ ಬಂದ ಮೇಲೆ ಬ್ಯಾಲಾಸ್ಟ್ ಏಕೆ’ ಎಂದು ಅದನ್ನು ಕಿತ್ತು ಹಾಕಿ ಒಂದೂವರೆ ಓಮ್‌ನ ಸುರುಳಿಯನ್ನು ಹಾಗೆಯೇ ಉಳಿಸುವುದು. 14 ಭಾಗಿಸು 1.5, ಅಂದರೆ 9 ಆಂಪೇರ್‌ಗೂ ಹೆಚ್ಚು. ಪ್ರವಾಹ ಮಿತಿಗೊಳಿಸುವ ವ್ಯವಸ್ಥೆಯಿಲ್ಲದ ಸರಳ ಮಾಡ್ಯೂಲ್ ಇದನ್ನು ತಾಳಲಾರದು. ಎಂಜಿನ್ ನಿಂತಿದ್ದು ಕೀಲಿ ತೆರೆದಿದ್ದರೆ ಸುರುಳಿಯಲ್ಲಿ ನೂರು ವ್ಯಾಟ್‌ಗೂ ಹೆಚ್ಚು ಶಾಖ ಹುಟ್ಟುತ್ತದೆ. ಸುರುಳಿ ಮತ್ತು ಮಾಡ್ಯೂಲ್ ಎರಡೂ ಸುಡಬಹುದು. ವಿಪರೀತ ಕಾದ ಸುರುಳಿಯಿಂದ ಎಣ್ಣೆ ಚಿಮ್ಮುವ ಅಪಾಯವೂ ಇದೆ.

ಮೂರು: ಇದಕ್ಕೆ ತದ್ವಿರುದ್ಧವಾದುದು. 3 ಓಮ್‌ನ ಹೊಸ ಸುರುಳಿ ಹಾಕಿ, ಹಳೆಯ ಬ್ಯಾಲಾಸ್ಟ್ ಇರುವುದನ್ನು ಗಮನಿಸದೆ ಬಿಡುವುದು. ಫೋರ್ಡ್, ಟ್ರಯಂಫ್ ಮುಂತಾದ ಕೆಲವು ಕಾರುಗಳಲ್ಲಿ ಪಿಂಗಾಣಿ ತುಂಡಿನ ಬದಲು ತಂತಿಗಳ ಕಟ್ಟಿನೊಳಗೇ ಉದ್ದನೆಯ ರೋಧ ತಂತಿಯೊಂದನ್ನು ಸೇರಿಸಿರುತ್ತಾರೆ. ಕಣ್ಣಿಗೆ ಕಾಣದ ಬ್ಯಾಲಾಸ್ಟ್ ಅದು. ಒಟ್ಟು ರೋಧ ನಾಲ್ಕೂವರೆ ಓಮ್ ಆಗಿ ಗರಿಷ್ಠ ಪ್ರವಾಹ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಶಕ್ತಿ ಪ್ರವಾಹದ ವರ್ಗವನ್ನು ಅನುಸರಿಸುವುದರಿಂದ ಅದು ಶೇಕಡಾ 44ಕ್ಕೆ ಕುಸಿಯುತ್ತದೆ. ಏನೂ ಸುಡುವುದಿಲ್ಲ, ಎಂಜಿನ್ ಮಾತ್ರ ಚಳಿಯಲ್ಲಿ ಹೊರಡಲು ಹಠ ಮಾಡುತ್ತದೆ. ದೋಷ ಹೊಸ ಮಾಡ್ಯೂಲಿನ ತಲೆಗೆ ಬರುತ್ತದೆ.

ಮೂರಕ್ಕೂ ಪರಿಹಾರ ಒಂದೇ: ಊಹಿಸದೆ ಅಳೆಯುವುದು. ತಂತಿಗಳನ್ನು ಬಿಡಿಸಿ, ಸುರುಳಿಯ ಪ್ರಾಥಮಿಕ ರೋಧವನ್ನು ಓಮ್‌ಮೀಟರಿನಿಂದ ನೋಡಬೇಕು. ಬೀಗದಿಂದ ಸುರುಳಿಯವರೆಗಿನ ದಾರಿಯ ರೋಧವನ್ನೂ ನೋಡಬೇಕು. ಎರಡರ ಮೊತ್ತದಿಂದ 14ನ್ನು ಭಾಗಿಸಿ, ಬಂದ ಪ್ರವಾಹವನ್ನು ಮಾಡ್ಯೂಲ್ ತಯಾರಕರು ಹೇಳಿದ ಮಿತಿಯೊಡನೆ ಹೋಲಿಸಬೇಕು. 1960ರ ದಶಕದವರೆಗಿನ ಅನೇಕ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಧನ ತುದಿಯನ್ನು ಕಾರಿನ ಮೈಗೆ ಜೋಡಿಸಿರುತ್ತಿದ್ದರೆಂಬುದನ್ನೂ ನೆನಪಿಡಬೇಕು. ಸಂಪರ್ಕ ಬಿಂದುಗಳಿಗೆ ದಿಕ್ಕಿನ ಹಂಗಿಲ್ಲ, ಅರೆವಾಹಕಕ್ಕೆ ಇದೆ. ತಿರುವುಮುರುವಾದರೆ ಮಾಡ್ಯೂಲ್ ಕ್ಷಣದಲ್ಲಿ ಹಾಳಾಗುತ್ತದೆ.

ತರಗತಿಗೆ ಒಂದು ಮಾತು

ನಮ್ಮ ಪಠ್ಯಪುಸ್ತಕಗಳಲ್ಲಿ ಪ್ರೇರಕ ಮತ್ತು ರೋಧಕಗಳ ಸರಣಿ ಮಂಡಲವನ್ನು ಒಂದು ಸಮೀಕರಣ, ಒಂದು ವಕ್ರರೇಖೆಯೊಂದಿಗೆ ಮುಗಿಸುತ್ತೇವೆ. ವಿದ್ಯಾರ್ಥಿ ಅದನ್ನು ಪರೀಕ್ಷೆಗಾಗಿ ಕಲಿತು ಮರೆಯುತ್ತಾನೆ. ರೋಧ ಹೆಚ್ಚಿಸಿದರೆ ಪ್ರವಾಹ ಕಡಿಮೆಯಾಗುತ್ತದೆ ಎಂಬುದು ಅವನಿಗೆ ಗೊತ್ತು. ಸುರುಳಿಯ ಸುತ್ತುಗಳನ್ನು ಕಡಿಮೆ ಮಾಡಿ ಆ ರೋಧವನ್ನು ಹೊರಗೆ ಇಟ್ಟರೆ ಪ್ರವಾಹ ಬೇಗ ಏರುತ್ತದೆ ಎಂಬುದು ಹೊಳೆದಿರುವುದಿಲ್ಲ. ಬ್ಯಾಲಾಸ್ಟ್‌ನ ಉದಾಹರಣೆ ಆ ವಕ್ರರೇಖೆಗೆ ಒಂದು ಕೆಲಸವನ್ನು ಕೊಡುತ್ತದೆ. ಇಗ್ನಿಷನ್ ಸುರುಳಿಯನ್ನೇ ತರಗತಿಗೆ ತರಬೇಕಿಲ್ಲ. 20,000 ವೋಲ್ಟ್ ಆಟದ ವಸ್ತುವಲ್ಲ. ಕಬ್ಬಿಣದ ತಿರುಳಿನ ಸಾಧಾರಣ ಸುರುಳಿ, ಒಂದು ರೋಧಕ, ಕಡಿಮೆ ವೋಲ್ಟಿನ ಚದರ ತರಂಗ ಜನಕ ಮತ್ತು ಆಸಿಲೋಸ್ಕೋಪ್ ಇದ್ದರೆ ಪ್ರವಾಹ ಏರುವ ವಕ್ರರೇಖೆಯನ್ನು ತೋರಿಸಿ, ರೋಧ ಬದಲಾದಂತೆ ಅದರ ಕಡಿದು ಹೇಗೆ ಬದಲಾಗುತ್ತದೆಂದು ಕಾಣಿಸಬಹುದು.

ಕೊನೆಗೆ ವಿದ್ಯಾರ್ಥಿಗಳು ಬಿಡಿಸಬಹುದಾದ ಒಂದು ಲೆಕ್ಕ. ನಾಲ್ಕು ಸಿಲಿಂಡರ್‌ಗಳ ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುತ್ತಿದೆ. ಅಲ್ಲಿ ಸೆಕೆಂಡಿಗೆ 200 ಕಿಡಿ ಸಾಕು. ಸುರುಳಿಗೆ ದೊರೆಯುವ ಕಾಲ 3.3 ಮಿಲಿಸೆಕೆಂಡ್. ಮೇಲೆ ಹೇಳಿದ ಎರಡೂ ಸುರುಳಿಗಳಲ್ಲಿ ಸಂಗ್ರಹವಾಗುವ ಶಕ್ತಿಯನ್ನು ಕಂಡುಹಿಡಿಯಿರಿ. ಎಂಟು ಸಿಲಿಂಡರ್‌ನಲ್ಲಿ ಬ್ಯಾಲಾಸ್ಟ್‌ಗೆ ಸಿಕ್ಕ ಮುನ್ನಡೆ ಇಲ್ಲಿಯೂ ಸಿಗುತ್ತದೆಯೇ? ಸಿಗದಿದ್ದರೆ, ನಾಲ್ಕು ಸಿಲಿಂಡರ್‌ನ ಕಾರುಗಳಿಗೂ ಬ್ಯಾಲಾಸ್ಟ್ ಅಳವಡಿಸಿದವರು ಯಾವ ಲಾಭವನ್ನು ಕಂಡಿದ್ದರು? ಉತ್ತರ ಈ ಲೇಖನದಲ್ಲಿಯೇ ಇದೆ. ಚಳಿಯ ಬೆಳಗು, 9 ವೋಲ್ಟಿಗೆ ಕುಸಿದ ಬ್ಯಾಟರಿ ಮತ್ತು ಕೀಲಿ ತಿರುಗಿಸುತ್ತಿರುವ ಚಾಲಕನನ್ನು ನೆನೆದರೆ ಅದು ಹೊಳೆಯುತ್ತದೆ.